ತಿಂಗಳಿಗೊಂದು ಮನೆ

೨೦೨೨ನೆಯ ಇಸವಿ. ನನಗಾಗ ಐವತ್ತೊಂದು ವರ್ಷ. ಇಪ್ಪತ್ತಾರು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ, ಗಂಟಲಿನ ತೊಂದರೆಯಿಂದ ಸ್ವಯಂನಿವೃತ್ತಿ ಪಡೆದು, ಹಾಸನದ ಮನೆಯಲ್ಲಿ ಕುಳಿತು ಆರು ತಿಂಗಳಾಗಿತ್ತು. ಅವ್ವನಿಗೆ ಎಪ್ಪತ್ತೈದು. ಆಧಾರ್ ಕಾರ್ಡಿನಲ್ಲಿ ಎಪ್ಪತ್ತೆರಡು ಎಂದಿದೆ, ಅದು ತಪ್ಪು.

ಅಕ್ಟೋಬರ್ ತಿಂಗಳ ಒಂದು ಸಂಜೆ, ಐದು ಗಂಟೆಗೆ, ಅವ್ವ ಫ್ರಿಜ್ಜಿನಲ್ಲಿದ್ದ ಎರಡು ಪ್ಯಾಕೆಟ್ ಹಾಲನ್ನೂ ಕತ್ತರಿಸಿ ಸ್ಟೀಲ್ ಕ್ಯಾನಿಗೆ ಸುರಿದುಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗೇಟು ತೆಗೆಯುತ್ತಿದ್ದಳು. ಎಲ್ಲಿಗೆ ಎಂದು ಕೇಳಿದೆ.

"ಡೈರಿಗೆ ಕಣ್ಲಾ. ಒತ್ತಾಯ್ತು. ಬಾಗ್ಲಾಕ್ಬುಟ್ರೆ ಆಲೆಲ್ಲ ಕೆಡ್ತದೆ."

ನಾನು ನಕ್ಕೆ. ತಮಾಷೆಗೆ ಹೇಳುತ್ತಿದ್ದಾಳೆ ಎಂದುಕೊಂಡೆ. ಅವಳು ನಗಲಿಲ್ಲ.

ನಮ್ಮ ಊರು ದುದ್ದ. ಅಲ್ಲಿ ಅವ್ವ ನಲವತ್ತು ವರ್ಷ ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ ಡೈರಿಗೆ ಹಾಲು ಹಾಕಿದವಳು. ಅಕ್ಷರ ಬಾರದು, ಅಂಕಿ ಬರುತ್ತದೆ. ಡೈರಿಯವರು ಕೊಡುವ ಚೀಟಿಯಲ್ಲಿ ಎಷ್ಟು ಲೀಟರ್, ಎಷ್ಟು ಫ್ಯಾಟ್ ಎಂಬುದನ್ನು ಬೀದಿಯಲ್ಲೇ ನಿಂತು ಓದಿಕೊಂಡು, ಫ್ಯಾಟ್ ನಾಲ್ಕಕ್ಕಿಂತ ಕೆಳಗಿದ್ದರೆ ಹಿಂದಿರುಗಿ ಹೋಗಿ ಜಗಳವಾಡುತ್ತಿದ್ದಳು. ಹಸುವಿನ ಮರ್ಯಾದೆಯ ಪ್ರಶ್ನೆ ಅದು. ೨೦೧೭ರಲ್ಲಿ ಅಪ್ಪ ತೀರಿಕೊಂಡ ಮೇಲೆ ಹಸುಗಳನ್ನು ಮಾರಿದೆವು, ಮನೆಯನ್ನು ಬಾಡಿಗೆಗೆ ಕೊಟ್ಟೆವು. ನಾವು ಮೂವರು ಮಕ್ಕಳು: ಹಾಸನದಲ್ಲಿ ನಾನು, ಚನ್ನರಾಯಪಟ್ಟಣದಲ್ಲಿ ತಂಗಿ ಶಾರದ, ಅರಕಲಗೂಡಿನಲ್ಲಿ ತಮ್ಮ ರಂಗಸ್ವಾಮಿ. ವರ್ಷಕ್ಕೆ ಹನ್ನೆರಡು ತಿಂಗಳು. ತಲಾ ನಾಲ್ಕು ತಿಂಗಳು. ಲೆಕ್ಕ ಶೇಷವಿಲ್ಲದೆ ಭಾಗವಾಗಿತ್ತು. ನಮ್ಮ ಕಡೆ ಇದನ್ನು ಪಾಳಿ ಎನ್ನುತ್ತಾರೆ. ಅನೇಕ ಮನೆಗಳಲ್ಲಿ ಹೀಗೆಯೇ ನಡೆಯುತ್ತದೆ. ಯಾರೂ ಅದನ್ನು ತಪ್ಪೆಂದು ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಆ ಸಂಜೆ ನಾನು ಅವ್ವನನ್ನು ತಿದ್ದಿದೆ. ಕ್ರಮವಾಗಿ ತಿದ್ದಿದೆ. ಇದು ದುದ್ದ ಅಲ್ಲ, ಹಾಸನ. ಹಸು ಮಾರಿ ಐದು ವರ್ಷವಾಯಿತು. ಇದು ಡೈರಿಯಿಂದಲೇ ಬಂದ ಹಾಲು. ಡೈರಿಯಿಂದ ಬಂದದ್ದನ್ನು ಡೈರಿಗೆ ಹಾಕುವವರಿಲ್ಲ. ಮೂರು ತಪ್ಪು, ಮೂರು ತಿದ್ದುಪಡಿ. ಅವ್ವ ಕ್ಯಾನನ್ನು ಕೆಳಗಿಟ್ಟಳು. ನನ್ನನ್ನು ನೋಡಲಿಲ್ಲ. ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಕುಳಿತಳು. ಪಾಠ ಮನದಟ್ಟಾಯಿತು ಎಂದು ನಾನು ತಿಳಿದೆ.

ಮರುದಿನ ಐದು ಗಂಟೆಗೆ ಅವಳು ಮತ್ತೆ ಗೇಟಿನ ಬಳಿ ಇದ್ದಳು.

ಆಮೇಲೆ ಒಂದೊಂದಾಗಿ ಬಂದವು. ಮುದ್ದೆಗೆ ಎಸರಿಟ್ಟು ಹಿಟ್ಟು ಹಾಕುವುದನ್ನು ಮರೆತಳು. ನನ್ನ ಹೆಂಡತಿ ಗಿರಿಜ ಪ್ರಾಥಮಿಕ ಶಾಲೆಯ ಶಿಕ್ಷಕಿ. ಅವಳು ಶಾಲೆಯಿಂದ ಬಂದರೆ ಅವ್ವ, ಯಾರ ಮನೆಯವಳಮ್ಮ ನೀನು ಎಂದು ಬಹುವಚನವಿಲ್ಲದಿದ್ದರೂ ಬಹಳ ಮರ್ಯಾದೆಯಿಂದ ಕೇಳಿದಳು. ಒಂದೇ ಪ್ರಶ್ನೆಯನ್ನು ಅರ್ಧ ಗಂಟೆಯಲ್ಲಿ ಹನ್ನೊಂದು ಬಾರಿ ಕೇಳಿದಳು; ನಾನು ಎಣಿಸಿದ್ದೆ. ಮಧ್ಯಾಹ್ನ ಮೂರರವರೆಗೆ ಹೇಗೋ ಇರುತ್ತಿದ್ದಳು. ನಾಲ್ಕಾಯಿತೆಂದರೆ ನಡುಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ, ಅಲ್ಲಿಂದ ಗೇಟಿಗೆ. ಅವಳು ನಿಲ್ಲುತ್ತಿರಲಿಲ್ಲ. ನಾನೂ ಅವಳ ಹಿಂದೆ ತಿರುಗುತ್ತಿದ್ದೆ, ತಿದ್ದುತ್ತ. ಕೆಟ್ಟುಹೋಗಿದ್ದ ನನ್ನ ಗಂಟಲು ಆ ಎರಡು ತಿಂಗಳಲ್ಲಿ ತರಗತಿಯಲ್ಲಿ ದುಡಿದದ್ದಕ್ಕಿಂತ ಹೆಚ್ಚು ದುಡಿಯಿತು.

೨೦೨೩ರ ಜನವರಿಯಲ್ಲಿ ಹಾಸನದ ಆಸ್ಪತ್ರೆಯೊಂದರಲ್ಲಿ ನ್ಯೂರಾಲಜಿಸ್ಟ್‌ಗೆ ತೋರಿಸಿದೆವು. ರಕ್ತ ಪರೀಕ್ಷೆ, ಥೈರಾಯ್ಡ್, ಬಿ೧೨, ಎಂಆರ್‌ಐ. ಆಮೇಲೆ ಡಾಕ್ಟರಮ್ಮ ಎದುರಿಗೆ ಕುಳಿತು ಅವ್ವನಿಗೆ ಪ್ರಶ್ನೆ ಕೇಳಿದರು. ಇದು ಯಾವ ವರ್ಷ, ಯಾವ ಊರು, ಮೂರು ಹೆಸರು ಹೇಳುತ್ತೇನೆ, ಆಮೇಲೆ ಕೇಳಿದಾಗ ಹೇಳಬೇಕು. ನನ್ನ ಕೊಠಡಿ ಮೇಲ್ವಿಚಾರಣೆಯಲ್ಲಿ ಒಬ್ಬ ವಿದ್ಯಾರ್ಥಿಯೂ ಪಕ್ಕಕ್ಕೆ ತಿರುಗಿ ನೋಡಿದವನಲ್ಲ. ಅಂಥ ನಾನು ಅವ್ವನ ಎದುರು ತುಟಿಯಾಡಿಸುತ್ತಿದ್ದೆ: ಎರಡು ಸಾವಿರದ ಇಪ್ಪತ್ತಮೂರು.

"ಸರ್, ದಯವಿಟ್ಟು ಹೇಳಿಕೊಡಬೇಡಿ," ಎಂದರು ಡಾಕ್ಟರಮ್ಮ.

ಮೂವತ್ತಕ್ಕೆ ಹದಿನಾಲ್ಕು ಬಂತು. ಶಾಲೆಯಲ್ಲಾದರೆ ಇದು ಪಾಸು ಎಂದು ಮನಸ್ಸು ಲೆಕ್ಕ ಹಾಕಿತು.

ಡಿಮೆನ್ಷಿಯಾ. ಅದರಲ್ಲಿ ಅಲ್ಜೈಮರ್ಸ್ ಬಗೆಯದು.

ವಯಸ್ಸಾದವರ ಅರಳುಮರಳು ಎಂದು ನಾನು ಅದುವರೆಗೆ ತಿಳಿದದ್ದು ಮಿದುಳಿನ ಕಾಯಿಲೆ ಎಂದೂ, ಹೊಸದಾಗಿ ಕಂಡದ್ದು ಕೇಳಿದ್ದು ಅವ್ವನಲ್ಲಿ ಇನ್ನು ಸುಲಭವಾಗಿ ಊರುವುದಿಲ್ಲವೆಂದೂ, ನಲವತ್ತು ವರ್ಷ ಮಾಡಿದ ಕೆಲಸ ಮಾತ್ರ ಬಹಳ ಕಾಲ ಉಳಿದಿರುತ್ತದೆಂದೂ, ಸಂಜೆಯ ಹೊತ್ತಿಗೆ ಗಲಿಬಿಲಿ ಏರುವುದು ಈ ಕಾಯಿಲೆಯ ಲಕ್ಷಣವೇ ಎಂದೂ ಅವರು ಬಿಡಿಸಿ ಹೇಳಿದರು. ಮಾತ್ರೆಯಿಂದ ಗುಣವಾಗುವುದಿಲ್ಲ, ಸ್ವಲ್ಪ ಕಾಲ ಹಿಡಿದಿಡಬಹುದು. ನಾನು ಎಲ್ಲವನ್ನೂ ಬರೆದುಕೊಂಡೆ. ಅಕ್ಷರ ಮುದ್ದಾಗಿ ಬಂದಿತ್ತು.

ಮನೆಗೆ ಬಂದು ನಾನು ಮಾಡಿದ ಮೊದಲ ಕೆಲಸ ಹೊಸ ವೇಳಾಪಟ್ಟಿ. ಈ ತಪ್ಪು ನನ್ನದೇ. ಬೇರೆ ಯಾರೂ ಇದರಲ್ಲಿ ಪಾಲುದಾರರಲ್ಲ. ಇಂಥ ರೋಗಿಯನ್ನು ನಾಲ್ಕು ತಿಂಗಳು ಒಂದೇ ಮನೆಯವರು ನೋಡಿಕೊಂಡರೆ ಸೋತುಹೋಗುತ್ತಾರೆ. ಆದ್ದರಿಂದ ಪಾಳಿಯನ್ನು ಒಂದೊಂದು ತಿಂಗಳಿಗೆ ಇಳಿಸಬೇಕು ಎಂದು ತೀರ್ಮಾನಿಸಿದೆ. ಫೆಬ್ರವರಿ ಹಾಸನ, ಮಾರ್ಚ್ ಚನ್ನರಾಯಪಟ್ಟಣ, ಏಪ್ರಿಲ್ ಅರಕಲಗೂಡು, ಮತ್ತೆ ಮೊದಲಿನಿಂದ. ಅವ್ವನ ಚೀಲದ ಜೊತೆ ಒಂದು ವಹಿಯೂ ಮನೆಯಿಂದ ಮನೆಗೆ ಹೋಗಬೇಕು. ಅದರಲ್ಲಿ ದಿನಾಂಕ, ನಿದ್ದೆ, ಊಟ, ಸ್ನಾನ, ಮಾತ್ರೆ, ವಿಶೇಷ ಘಟನೆ ಎಂಬ ಆರು ಕಲಮುಗಳು. ತಿಂಗಳ ಕೊನೆಗೆ ಒಪ್ಪಿಸಿದವರ ಸಹಿ, ಸ್ವೀಕರಿಸಿದವರ ಸಹಿ. ಮೂವರೂ ಒಪ್ಪಿದರು. ನ್ಯಾಯವಾದ ಏರ್ಪಾಡು ಎಂದೇ ಎಲ್ಲರಿಗೂ ತೋರಿತು.

ಮೂರು ತಿಂಗಳಿಗೊಮ್ಮೆ ವಹಿ ನನ್ನ ಕೈಗೆ ಬಂದಾಗ ನಾನು ಓದುತ್ತಿದ್ದೆ, ಕೆಂಪು ಪೆನ್ನು ಹಿಡಿದು. ತಮ್ಮನ ಹೆಂಡತಿ ಮಂಜುಳ ಎಂಟನೆಯ ತರಗತಿಯವರೆಗೆ ಓದಿದವಳು, ಮನೆಯಲ್ಲೇ ರವಿಕೆ ಹೊಲಿಯುವವಳು; ಅವಳ ಪುಟಗಳಲ್ಲಿ ಕೆಂಪು ಹೆಚ್ಚಾಗುತ್ತಿತ್ತು. ಮುಂದಿನ ಸರದಿಯಲ್ಲಿ ಅವಳು ಏನನ್ನೂ ಬರೆಯಲಿಲ್ಲ. ಕಲಮುಗಳಲ್ಲಿ ಬರಿಯ ಸರಿ ಗುರುತು. ಬೇಜವಾಬ್ದಾರಿ ಎಂದು ನಾನು ಗಿರಿಜಳಲ್ಲಿ ಆಡಿಕೊಂಡೆ. ಗಿರಿಜ ಪಾತ್ರೆ ತೊಳೆಯುತ್ತಲೇ, ನಾನಾದರೂ ಹಾಗೆಯೇ ಮಾಡುತ್ತಿದ್ದೆ ಎಂದಳು.

ಅವ್ವ ಇಳಿಯುತ್ತಿದ್ದಳು. ನನ್ನ ಮನೆಗೆ ಬಂದ ಮೊದಲ ದಿನಗಳಲ್ಲಿ ಬಚ್ಚಲು ಸಿಗದೆ ಹಿತ್ತಲ ಬಾಗಿಲಲ್ಲಿ ಸೀರೆ ಒದ್ದೆ ಮಾಡಿಕೊಂಡು ನಿಂತಿರುತ್ತಿದ್ದಳು. ಅಳುತ್ತಿರಲಿಲ್ಲ; ನಾಚಿಕೊಳ್ಳುತ್ತಿದ್ದಳು. ನೆಂಟರ ಮನೆಗೆ ಬಂದವಳಂತೆ, ನಾನು ನಾಳೆ ಹೊರಟೆನಪ್ಪ ಎನ್ನುತ್ತಿದ್ದಳು. ಕಾಯಿಲೆ ಬಲಿಯುತ್ತಿದೆ ಎಂದು ನಾನು ವಿಶೇಷ ಘಟನೆಯ ಕಲಮಿನಲ್ಲಿ ಬರೆದೆ.

೨೦೨೪ರ ಜನವರಿ ಒಂದು. ಚನ್ನರಾಯಪಟ್ಟಣದ ಪಾಳಿ ಮುಗಿದು ಅರಕಲಗೂಡಿನದು ಆರಂಭವಾಗುವ ದಿನ. ಎರಡು ಊರಿನ ನಡುವೆ ಬಸ್ಸಿಗೆ ಅನುಕೂಲವೆಂದು ಹೊಳೆನರಸೀಪುರದ ಬಸ್ ನಿಲ್ದಾಣವನ್ನು ಒಪ್ಪಿಸುವ ಸ್ಥಳವೆಂದು ಗೊತ್ತುಮಾಡಿದ್ದವನೂ ನಾನೇ. ಆ ದಿನ ನನ್ನ ಅಗತ್ಯವಿರಲಿಲ್ಲ. ವರ್ಷದ ಆರಂಭವಾದ್ದರಿಂದ ವಹಿಯನ್ನು ಪರಿಶೀಲಿಸೋಣವೆಂದು ಹಾಸನದಿಂದ ಹೋಗಿದ್ದೆ.

ಶಾರದ ಅವ್ವನನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ, ಸಹಿ ಹಾಕಿ, ತನ್ನ ಬಸ್ಸು ಹತ್ತಿ ಹೊರಟಳು. ಅವ್ವನ ಮಡಿಲಲ್ಲಿ ಮೊಸರನ್ನದ ಕ್ಯಾರಿಯರ್ ಇತ್ತು. ಅರಕಲಗೂಡಿನಿಂದ ಬಂದಿದ್ದ ಮಂಜುಳ ಚೀಲವನ್ನು ಹೆಗಲಿಗೇರಿಸಿದಳು. ನಾನು ಇಳಿಸಲು ಹೇಳಿದೆ. ಮೂರು ಸೀರೆ, ಶಾಲು, ಕನ್ನಡಕ, ಮಾತ್ರೆ. ಎಣಿಸಿ ತೆಗೆದುಕೊಳ್ಳಬೇಕಲ್ಲ.

"ಬಾವ, ಬಸ್ ಬತ್ತದೆ. ಮನೇಲಿ ಎಣುಸ್ಕತೀನಿ ಬುಡಿ."

ನಾನು ಬಿಡಲಿಲ್ಲ. ಎಣಿಸಿದೆ. ಎರಡು ಮಾತ್ರೆ ಕಡಿಮೆ ಇದ್ದವು. ಇನ್ನೂ ಊರು ದಾಟಿರದ ಶಾರದಳಿಗೆ ಫೋನ್ ಮಾಡಿ, ಯಾವ ತಾರೀಕಿನ ಮಾತ್ರೆ ವ್ಯತ್ಯಾಸವಾಗಿದೆ ಎಂದು ವಿಚಾರಿಸಿದೆ. ಮಂಜುಳ ವಹಿ ಹಿಡಿದು, ನಾನು ತೋರಿಸಿದ ಸಾಲಿನ ಮೇಲೆ ಬೆರಳಿಟ್ಟು ನಿಂತಿದ್ದಳು. ಫೋನ್ ಇಟ್ಟು ತಲೆಯೆತ್ತಿದೆ.

ಬೆಂಚು ಖಾಲಿಯಾಗಿತ್ತು.

ಒಪ್ಪಿಸಿದವರ ಸಹಿ ಆಗಿತ್ತು. ಸ್ವೀಕರಿಸಿದವರ ಸಹಿ ಆಗಿರಲಿಲ್ಲ. ಆ ಗಳಿಗೆಯಲ್ಲಿ ಅವ್ವ ಕಾಗದದ ಮೇಲೆ ಯಾರ ಕೈಯಲ್ಲೂ ಇರಲಿಲ್ಲ.

ನಿಲ್ದಾಣವನ್ನು ಎರಡು ಸುತ್ತು ಹಾಕಿದೆವು. ಹೊರಟಿದ್ದ ಬಸ್ಸುಗಳನ್ನು ಹತ್ತಿ ಇಳಿದೆವು. ವಿಚಾರಣೆಯ ಕಿಟಕಿಯಲ್ಲಿದ್ದವರು ಮೈಕಿನಲ್ಲಿ ಕೂಗಲು ಗುರುತು ಕೇಳಿದರು. ಬಿಳಿ ಕೂದಲು, ಹಸಿರು ಸೀರೆ ಎಂದೆ. ಅಲ್ಲ, ಕಾಫಿಪುಡಿ ಬಣ್ಣದ ಸೀರೆ, ಕೆಂಪು ಅಂಚು ಎಂದಳು ಮಂಜುಳ. ಚೀಲದಲ್ಲಿದ್ದ ಮೂರು ಸೀರೆಗಳನ್ನು ಬಣ್ಣ ಸಹಿತ ಎಣಿಸಿದ್ದ ನಾನು, ಅವ್ವ ಉಟ್ಟಿದ್ದ ನಾಲ್ಕನೆಯದನ್ನು ನೋಡಿಯೇ ಇರಲಿಲ್ಲ.

ಆ ಊರಿನಲ್ಲಿ ಹೇಮಾವತಿ ಹತ್ತಿರ. ನಾನು ಹೊಳೆಯ ಕಡೆ ಓಡಿದೆ. ಓಡುವ ವಯಸ್ಸಲ್ಲ, ಆದರೂ ಓಡಿದೆ. ಸೇತುವೆಯ ಮೇಲೆ ನಿಂತು ಎರಡೂ ಕಡೆ ನೋಡಿದೆ. ಬಟ್ಟೆ ಒಗೆಯುವವರು, ನೀರು, ಕಲ್ಲು. ಕೂಗಲು ಹೋದರೆ ಗಂಟಲಿನಿಂದ ದನಿ ಹೊರಡಲಿಲ್ಲ. ಅವ್ವ ಎಂಬ ಒಂದು ಶಬ್ದ ಬೇಕಾಗಿತ್ತು. ಬರಲಿಲ್ಲ.

ಹಿಂದಿರುಗಿದಾಗ ಮಂಜುಳ ಪೇಟೆಬೀದಿಯ ತಿರುವಿನಲ್ಲಿ ಸಿಕ್ಕಿದಳು. ಅವಳೂ ಎಲ್ಲೆಲ್ಲೋ ಹುಡುಕಿ ಬೆವೆತಿದ್ದಳು. ನನ್ನ ಮುಖ ನೋಡಿ ನಿಂತಳು, ಏನನ್ನೋ ನೆನೆಸಿಕೊಳ್ಳುವವಳಂತೆ.

"ಗಂಟೆ ಎಷ್ಟು ಬಾವ?"

"ಐದೂ ಹತ್ತು."

"ಡೈರಿ ಎಲ್ಲೈತೆ ಕೇಳಿ."

ಆಟೋದವನು ಊರಂಚಿನ ಹಾಲಿನ ಡೈರಿಗೆ ಕರೆದುಕೊಂಡು ಹೋದ. ಹೆಂಗಸರು, ಗಂಡಸರು ಕ್ಯಾನು ಹಿಡಿದು ಸಾಲಾಗಿ ನಿಂತಿದ್ದರು. ಅವ್ವ ಒಳಗೆ, ಹಾಲು ಅಳೆಯುವ ಮೇಜಿನ ಪಕ್ಕದಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಿದ್ದಳು. ಒಂದು ಕೈಯಲ್ಲಿ ಕ್ಯಾರಿಯರ್, ಇನ್ನೊಂದರಲ್ಲಿ ಚೀಟಿ. ಇಷ್ಟು ನಿರಾಳವಾದ ಅವಳ ಮುಖವನ್ನು ಒಂದು ವರ್ಷದಿಂದ ನಾನು ನೋಡಿರಲಿಲ್ಲ. ಯಾರೋ ಕ್ಯಾನು ಹಿಡಿದು ಹೋಗುತ್ತಿದ್ದವರ ಹಿಂದೆ ನಡೆದುಬಂದಿರಬೇಕು.

ಹಾಲು ಪರೀಕ್ಷಿಸುವಾತ ಕೈ ಒರೆಸಿಕೊಳ್ಳುತ್ತ ಬಂದ.

"ಅಜ್ಜಿ ಲೈನಲ್ಲಿ ನಿಂತಿತ್ತು ಸಾ. ನೋಡುದ್ರೆ ಕ್ಯಾರಿಯರ್‌ನಲ್ಲಿ ಮೊಸರನ್ನ. ಇಲ್ಲ ಅಂದ್ರೆ ಅಳಂಗಿತ್ತು. ಅದ್ಕೇ ಅಳತೆ ಮಾಡ್ದಂಗೆ ಮಾಡಿ ಚೀಟಿ ಕೊಟ್ಬುಟ್ಟೆ. ಯಾರಾದ್ರೂ ಉಡುಕ್ಕಂಡು ಬತ್ತಾರೆ ಅಂತ ಕೂರ್ಸಿದ್ದೆ."

ಅವ್ವ ಚೀಟಿಯನ್ನು ನನಗೆ ತೋರಿಸಿದಳು. ಎರಡು ಲೀಟರ್. ಫ್ಯಾಟ್ ೪.೨. ಮೊಸರನ್ನಕ್ಕೆ ಫ್ಯಾಟ್ ಎಷ್ಟೆಂದು ಯಾರೂ ಅಳೆದಿಲ್ಲ. ಅದೊಂದು ಸುಳ್ಳು ದಾಖಲೆ. ಬಾಯಿ ತೆರೆದೆ, ಮಂಜುಳ ನನ್ನ ಮೊಳಕೈ ಹಿಡಿದಳು. ಬಾಯಿ ಮುಚ್ಚಿದೆ. ಆತನಿಗೆ ಕೈ ಮುಗಿದೆ.

ಅರಕಲಗೂಡಿನ ಬಸ್ಸಿನಲ್ಲಿ ಅವ್ವ ನಮ್ಮಿಬ್ಬರ ನಡುವೆ ಕುಳಿತಿದ್ದಳು. ಮಂಜುಳ ಮುಂದೆ ನೋಡುತ್ತಲೇ ಮಾತಾಡಿದಳು.

"ಇನ್ನು ಬಸ್‌ಸ್ಟ್ಯಾಂಡಲ್ಲಿ ಅತ್ತೇನ ಇಸ್ಕಳಲ್ಲ ಬಾವ. ಪೋಸ್ಟಲ್ಲಿ ಬಂದ ಗಂಟಾ ಅವ್ರು? ಬಂದು ಇಪ್ಪತ್ತು ದಿನಕ್ಕೆ ಬಚ್ಚಲು ಎಲ್ಲೈತೆ ಅಂತ ಗೊತ್ತಾಯ್ತದೆ. ಅಷ್ಟ್ರಲ್ಲಿ ನೀವು ವಹಿ ಹಿಡ್ಕಂಡು ಬಂದ್ಬುಡ್ತೀರಿ."

ಕಾಯಿಲೆ ಬಲಿಯುವ ಕ್ರಮವನ್ನು ಇವಳು ಬಚ್ಚಲಿಗೆ ಗಂಟು ಹಾಕುತ್ತಿದ್ದಾಳೆ ಎಂದುಕೊಂಡೆ. ಆದರೆ ಆ ಮಾತು ನನ್ನನ್ನು ಕೂರಲು ಬಿಡಲಿಲ್ಲ. ಎರಡು ವಾರದ ಮೇಲೆ ಅರಕಲಗೂಡಿನಿಂದ ವಹಿಯನ್ನು ತರಿಸಿಕೊಂಡು ಡಾಕ್ಟರಮ್ಮನ ಬಳಿಗೆ ಹೋದೆ. ಅವರು ಹಾಳೆಗಳನ್ನು ತಿರುವಿಹಾಕಿ, ಪೆನ್ಸಿಲ್ ತೆಗೆದುಕೊಂಡು, ಅಲ್ಲಲ್ಲಿ ಅಂಚಿನಲ್ಲಿ ಗೆರೆ ಎಳೆದರು.

"ಸರ್, ತುಂಬ ಚೆನ್ನಾಗಿ ಬರೆದಿದ್ದೀರಿ," ಎಂದರು. "ಓದಿದ್ದೀರಾ?"

ಗೆರೆ ಎಳೆದ ಕಡೆಗಳನ್ನು ಓದಿದೆ. ಬಿದ್ದದ್ದು, ಬಟ್ಟೆ ಒದ್ದೆಯಾದದ್ದು, ಊಟ ಬೇಡವೆಂದದ್ದು, ಯಾರನ್ನೂ ಗುರುತಿಸದೆ ಇದ್ದದ್ದು. ಹೆಚ್ಚಿನವೆಲ್ಲ ತಿಂಗಳ ಮೊದಲ ಹತ್ತು ದಿನಗಳಲ್ಲೇ ಇದ್ದವು, ನನ್ನ ಮನೆಯಲ್ಲೂ, ಶಾರದಳ ಮನೆಯಲ್ಲೂ. ಮೂರನೆಯ ವಾರದಿಂದ ಕಲಮುಗಳು ಶಾಂತವಾಗಿದ್ದವು. ಒಂದು ವರ್ಷ ನಾನು ಅಕ್ಷರವನ್ನು ತಿದ್ದುತ್ತ ಕುಳಿತಿದ್ದ ಪುಟಗಳಲ್ಲಿ ಉತ್ತರವಿತ್ತು. ಅರಕಲಗೂಡಿನ ಪುಟಗಳಲ್ಲಿ ನಿದ್ದೆಯ ಮುಂದೆ, ಊಟದ ಮುಂದೆ, ಮೊದಲ ಕೆಲವು ದಿನ ಖಾಲಿ ಬಿಟ್ಟು, ಆಮೇಲೆ ಸರಿ ಗುರುತುಗಳು ನಮ್ಮ ಮನೆಗಳಿಗಿಂತ ಬೇಗ ಆರಂಭವಾಗುತ್ತಿದ್ದವು. ಅದನ್ನು ನಾನು ಬೇಜವಾಬ್ದಾರಿ ಎಂದಿದ್ದೆ.

ಕಾಯಿಲೆ ಮುಂದುವರಿಯುತ್ತದೆ, ಅದು ಬೇರೆ ಎಂದರು ಡಾಕ್ಟರಮ್ಮ. ಆದರೆ ಪ್ರತಿ ತಿಂಗಳು ಅವರನ್ನು ಹೊಸ ಶಾಲೆಗೆ ಸೇರಿಸುತ್ತಿದ್ದೀರಿ. ಎಲ್ಲಾದರೂ ಒಂದು ಕಡೆ ಇರಲಿ.

ಎಲ್ಲಿ? ಜನವರಿಯ ಉಳಿದ ದಿನಗಳೆಲ್ಲ ಈ ಒಂದು ಪದ ನನ್ನನ್ನು ನಡುಮನೆಯಿಂದ ಗೇಟಿಗೆ, ಗೇಟಿನಿಂದ ನಡುಮನೆಗೆ ಓಡಾಡಿಸಿತು. ಹಿರಿಯ ಮಗ ನಾನು. ದಿನವಿಡೀ ಮನೆಯಲ್ಲಿರುವವನೂ ನಾನೇ. ನನ್ನ ಮನೆಯಲ್ಲಿರಬೇಕೆಂಬುದು ನ್ಯಾಯ. ಅವ್ವ ನೆಮ್ಮದಿಯಾಗಿದ್ದ ಮನೆ ಬೇರೆ. ಫೆಬ್ರವರಿ ಒಂದರಂದು ಅವಳನ್ನು ಹಾಸನಕ್ಕೆ ಕರೆತರಬೇಕಾಗಿತ್ತು. ಪಟ್ಟಿಯ ಪ್ರಕಾರ ನನ್ನ ಪಾಳಿ. ಬೆಳಿಗ್ಗೆ ಚಪ್ಪಲಿ ಹಾಕಿಕೊಂಡವನು ಬಿಚ್ಚಿಟ್ಟೆ. ವೇಳಾಪಟ್ಟಿಯನ್ನು ನಾನೇ ಮುರಿದದ್ದು ಜೀವನದಲ್ಲಿ ಅದು ಮೊದಲು.

ಅದರ ಮುಂದಿನ ವಾರದ ಕೊನೆಗೆ, ಒಂದು ಭಾನುವಾರ, ಮೂವರೂ ಅರಕಲಗೂಡಿನ ಮನೆಯಲ್ಲಿ ಸೇರಿದೆವು. ಅವ್ವ ಇಲ್ಲೇ ಇರಲಿ ಎಂದು ನಾನು ಹೇಳಿದಾಗ ಶಾರದ ಅತ್ತಳು, ರಂಗಸ್ವಾಮಿ ತಲೆಯಾಡಿಸಿದ. ಮಂಜುಳ ಒಪ್ಪಲಿಲ್ಲ.

"ಆಗಲ್ಲ," ಎಂದಳು. "ನಾನೇನು ದೇವ್ರಲ್ಲ ಬಾವ. ನಂಗೂ ಸಾಕಾಯ್ತದೆ. ಅವ್ವ ಇಲ್ಲೇ ಚೆನ್ನಾಗವ್ರೆ ಅಂತ ಎಲ್ರೂ ಕೈ ತೊಳ್ಕಂಡ್ರೆ, ನಾನು ಯಾವ್ ಪಾಳೀಲಿ ಮಲಗ್ಲಿ?"

ಅವಳ ಹೊಲಿಗೆ ಯಂತ್ರದ ಮೇಲೆ ಅರ್ಧ ಮುಗಿದ ರವಿಕೆಗಳು ರಾಶಿ ಬಿದ್ದಿದ್ದವು. ನಾನು ಜೇಬಿನಿಂದ ಹೊಸ ವೇಳಾಪಟ್ಟಿಯ ಹಾಳೆಯನ್ನು ತೆಗೆದೆ. ಅವಳು ಅದನ್ನು ನೋಡಲಿಲ್ಲ, ತಾನೇ ಹೇಳತೊಡಗಿದಳು. ನಾನು ಹಾಳೆಯ ಹಿಂಬದಿಯಲ್ಲಿ ಬರೆದುಕೊಂಡೆ. ಅವ್ವ ಎಲ್ಲಿಗೂ ಹೋಗಕೂಡದು, ಮಕ್ಕಳು ಬರಬೇಕು. ತಿಂಗಳ ಮೊದಲ ವಾರ ಶಾರದ. ಪ್ರತಿ ಶುಕ್ರವಾರ ಬೆಳಿಗ್ಗೆಯಿಂದ ಸೋಮವಾರದವರೆಗೆ ನಾನು. ಆ ಮೂರು ದಿನ ಅವಳು ತನ್ನ ಯಂತ್ರದ ಮುಂದೆ ಕೂರುತ್ತಾಳೆ ಅಥವಾ ಮಲಗುತ್ತಾಳೆ, ಯಾರೂ ಕರೆಯಬಾರದು. ಪಂಪ್‌ಸೆಟ್ ರಿಪೇರಿ ಅಂಗಡಿ ನಡೆಸುವ ರಂಗಸ್ವಾಮಿ ಸಂಜೆ ಐದಕ್ಕೆ ಮನೆಯಲ್ಲಿರಬೇಕು. ಐದಕ್ಕೇ ಅಂಗಡಿಗೆ ಜನ ಬರುವುದು ಎಂದು ಅವನು ಗೊಣಗಿದ.

"ಪಂಪ್‌ಸೆಟ್ಟು ಬೆಳಗಾನ ತನ್ಕ ಕಾಯ್ತದೆ. ನಿಮ್ಮವ್ವ ಕಾಯಲ್ಲ."

ಆಮೇಲೆ ನನ್ನ ಕಡೆ ತಿರುಗಿದಳು.

"ಇನ್ನೊಂದು ಬರ್ಕಳಿ ಬಾವ. ಇಲ್ಲಿಗೆ ಬಂದೋರು ಅತ್ತೇನ ತಿದ್ದಂಗಿಲ್ಲ."

ಬರೆದುಕೊಂಡೆ. ಸಹಿಯ ಕಲಮು ಹಾಕಲಿಲ್ಲ.

ಇದನ್ನು ಬರೆಯುವಾಗ ಆ ಭಾನುವಾರ ಕಳೆದು ಕೆಲವೇ ತಿಂಗಳಾಗಿವೆ. ಅವ್ವನಿಗೆ ಗುಣವಾಗಿಲ್ಲ, ಆಗುವುದೂ ಇಲ್ಲ. ಕಳೆದ ವಾರ ಲೋಟ ಹಿಡಿಯುವುದನ್ನು ಮರೆತಿದ್ದಳು, ಎರಡು ದಿನದ ಮೇಲೆ ಕೈಗೆ ನೆನಪಾಯಿತು. ಆದರೆ ಬಚ್ಚಲಿಗೆ ತಾನೇ ಹೋಗುತ್ತಾಳೆ. ನೆಂಟಳಂತೆ ನಾಳೆ ಹೊರಡುತ್ತೇನೆ ಎನ್ನುವುದಿಲ್ಲ. ಇಷ್ಟಕ್ಕೆ ನಾನು ಋಣಿ. ಮಂಜುಳಳಿಗೆ, ಡಾಕ್ಟರಮ್ಮನಿಗೆ, ಹೆಸರು ಕೇಳಲು ಮರೆತ ಆ ಡೈರಿಯಾತನಿಗೆ. ಎಷ್ಟು ದಿನ ಹೀಗೆ ಎಂದು ನಾನು ಯಾವ ಹಾಳೆಯಲ್ಲೂ ಬರೆದಿಲ್ಲ.

ಆ ಭಾನುವಾರದ ಸಂಜೆಯ ಒಂದು ಸಂಗತಿ ಉಳಿದಿದೆ. ಮಂಜುಳ ಪ್ರತಿದಿನ ಐದಕ್ಕೆ ಕ್ಯಾನಿಗೆ ನೀರು ತುಂಬಿ ಅವ್ವನ ಕೈಗೆ ಕೊಟ್ಟು, ಎರಡು ಬೀದಿ ಸುತ್ತಿಸಿ ಕರೆತರುತ್ತಿದ್ದಳು. ನಡೆದು ಬಂದ ಅವ್ವ ಸ್ವಲ್ಪ ತಣ್ಣಗಾಗುತ್ತಿದ್ದಳು, ಪೂರ್ತಿ ಅಲ್ಲ. ಚೀಟಿ ಎಲ್ಲಿ ಎಂದು ಕೇಳುತ್ತಿದ್ದಳು. ಹೊಳೆನರಸೀಪುರದ ಚೀಟಿ ಮಡಿಕೆ ಮಡಿಕೆಯಲ್ಲಿ ಹರಿದುಹೋಗಿತ್ತು. ಮಂಜುಳ ಒಮ್ಮೆ ಬರೆದುಕೊಟ್ಟರೆ, ನೀನ್ಯಾಕೆ ಬರೀತೀಯ, ಡೈರಿ ಸೆಕ್ರೆಟ್ರಿ ಬರೀಬೇಕು ಎಂದು ಹಿಂದಕ್ಕೆ ಕೊಟ್ಟಿದ್ದಳಂತೆ.

ಅಂದು ನಾನು ಜಗುಲಿಯಲ್ಲಿ ಕುಳಿತಿದ್ದೆ. ಜೇಬಿನಲ್ಲಿ ಪೆನ್ನಿತ್ತು. ಸುತ್ತಿ ಬಂದ ಅವ್ವ ನನ್ನ ಎದುರು ನಿಂತು, ಜೇಬನ್ನು ನೋಡಿ, ಕ್ಯಾನನ್ನು ಮುಂದಕ್ಕೆ ಇಟ್ಟಳು. ಬೇಗ ನೋಡಪ್ಪ, ಮನೇಲಿ ಕೆಲಸ ಅದೆ ಎಂದಳು.

ಇದು ನೀರು ಎಂದು ನಾನು ಹೇಳಲಿಲ್ಲ. ನಾನು ನಿನ್ನ ಮಗ ಎಂದೂ ಹೇಳಲಿಲ್ಲ. ಮುಚ್ಚಳ ತೆಗೆದೆ, ಬಗ್ಗಿ ನೋಡಿದೆ, ವೇಳಾಪಟ್ಟಿಯ ಹಾಳೆಯ ತುದಿಯನ್ನು ಹರಿದು ಬರೆದೆ: ಎರಡು ಲೀಟರ್, ಫ್ಯಾಟ್ ೩.೮. ಧಾರಾಳವಾಗಿ ಅಂಕ ಕೊಟ್ಟು ರೂಢಿಯಿಲ್ಲದ ಕೈ.

ಅವ್ವ ಚೀಟಿಯನ್ನು ಕಣ್ಣಿನ ಹತ್ತಿರಕ್ಕೆ ಹಿಡಿದಳು. ಹುಬ್ಬು ಗಂಟಿಕ್ಕಿತು.

"ಮೂರು ಎಂಟಾ? ನಮ್ ಗೌರಿ ಆಲಿಗಾ? ಸರ್ಯಾಗಿ ನೋಡಿ ಬರಿಯಪ್ಪ."

ಬಾಗಿಲಲ್ಲಿ ನಿಂತಿದ್ದ ಮಂಜುಳ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಚೀಟಿಯನ್ನು ಹಿಂದಕ್ಕೆ ತೆಗೆದುಕೊಂಡೆ. ಮತ್ತೊಮ್ಮೆ ಮುಚ್ಚಳ ತೆಗೆದು ನೋಡಿದೆ. ಬರೆದದ್ದನ್ನು ಹೊಡೆದುಹಾಕಿ ೪.೨ ಎಂದು ತಿದ್ದಿದೆ. ಅವ್ವ ಓದಿಕೊಂಡು ತಲೆದೂಗಿದಳು. ಮಡಿಸಲು ಹೋದವಳು ಮತ್ತೆ ಬಿಡಿಸಿ, ಖಾಲಿಯಿದ್ದ ಮೇಲ್ತುದಿಗೆ ಬೆರಳಿಟ್ಟು ನನ್ನ ಮುಂದೆ ಹಿಡಿದಳು.

ತಾರೀಕು ಹಾಕಿರಲಿಲ್ಲ. ಹಾಕಿಕೊಟ್ಟೆ: ೧೧-೦೨-೨೦೨೪.